ಮೊದಲ ಪ್ರೂಫು ಎಲ್ಲಿದೆ?

ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ನಮ್ಮ ತಂದೆ ಮೊಳೆ ಜೋಡಿಸುತ್ತಿದ್ದರು. ಲಗ್ನದ ಕಾಲ ಬಂತೆಂದರೆ ಅಲ್ಲಿ ಹಗಲೂ ರಾತ್ರಿ ಲಗ್ನಪತ್ರಿಕೆಯದೇ ಕೆಲಸ. ಮೊದಲ ಪ್ರೂಫು ತೆಗೆಯುವಾಗ ಮೂರು ಪ್ರತಿ ಎತ್ತುತ್ತಿದ್ದರು. ಒಂದು ಹೆಣ್ಣಿನ ಮನೆಗೆ, ಒಂದು ಗಂಡಿನ ಮನೆಗೆ. ಮೂರನೆಯದು ಗೋಡೆಯ ತಂತಿ ಕೊಕ್ಕೆಗೆ ಹೋಗುತ್ತಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. "ತಿದ್ದುಪಡಿಯನ್ನು ಪ್ರೂಫಿನ ಮೇಲೇ ಗುರುತು ಹಾಕಿ ಕಳಿಸಿ ಸ್ವಾಮಿ" ಎಂದು ಎಷ್ಟು ಹೇಳಿದರೂ ಎರಡೂ ಮನೆಯ ಹಿರಿಯರು ಇಡೀ ಪತ್ರಿಕೆಯನ್ನು ಬಿಳಿ ಹಾಳೆಯ ಮೇಲೆ ದುಂಡಗೆ ಹೊಸದಾಗಿ ಬರೆದೇ ಕಳಿಸುತ್ತಿದ್ದರು.

ಬಸವನಗುಡಿಯ ಹೆಣ್ಣಿನ ಮನೆಯಿಂದ ಬಂದ ಹಾಳೆಯಲ್ಲಿ ಛತ್ರ 4ನೇ ಮುಖ್ಯರಸ್ತೆಯಲ್ಲಿದೆ. ಮಲ್ಲೇಶ್ವರದ ಗಂಡಿನ ಮನೆಯ ಹಾಳೆಯಲ್ಲಿ 3ನೇ ಮುಖ್ಯರಸ್ತೆ. ಯಾವುದನ್ನು ಹಾಕಬೇಕು? ಎರಡು ಹಾಳೆಯನ್ನು ಎಷ್ಟು ಹೊತ್ತು ಅಕ್ಕಪಕ್ಕ ಇಟ್ಟು ನೋಡಿದರೂ ಉತ್ತರ ಸಿಗದು. ತಂದೆ ಎದ್ದು ಕೊಕ್ಕೆಯಿಂದ ಮೂರನೆಯ ಪ್ರತಿ ತೆಗೆಯುತ್ತಿದ್ದರು. ಅದರಲ್ಲಿ 3 ಎಂದಿದ್ದರೆ ಗಂಡಿನ ಮನೆಯವರು ಇದ್ದದ್ದನ್ನು ಇದ್ದಂತೆ ನಕಲು ಮಾಡಿದ್ದಾರೆ, ಹೆಣ್ಣಿನ ಮನೆಯವರು ಬೇಕೆಂದೇ ತಿದ್ದಿದ್ದಾರೆ, ಹಾಗಾದರೆ 4. ಅದರಲ್ಲಿ 4 ಎಂದಿದ್ದರೆ ತಿದ್ದಿದವರು ಗಂಡಿನ ಕಡೆಯವರು, ಹಾಗಾದರೆ 3. ಸೋದರಮಾವನ ಹೆಸರು ಒಂದು ಹಾಳೆಯಲ್ಲಿದೆ, ಇನ್ನೊಂದರಲ್ಲಿಲ್ಲ. ಒಬ್ಬರು ಸೇರಿಸಿದ್ದೋ, ಇನ್ನೊಬ್ಬರು ತೆಗೆದದ್ದೋ? ಅದನ್ನೂ ಕೊಕ್ಕೆಯ ಪ್ರತಿಯೇ ಹೇಳಬೇಕು. ಧಾರಾಮುಹೂರ್ತ ಮೊದಲ ಪ್ರೂಫಿನಲ್ಲಿ 9.15 ಇದ್ದು, ಒಂದು ಹಾಳೆಯಲ್ಲಿ 9.30, ಇನ್ನೊಂದರಲ್ಲಿ 9.05 ಆಗಿದ್ದರೆ ಮಾತ್ರ ಕೆಲಸ ನಿಲ್ಲುತ್ತಿತ್ತು, ಪುರೋಹಿತರಿಗೆ ಫೋನು ಹೋಗುತ್ತಿತ್ತು.

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ತಿಳಿದದ್ದು, ತಂದೆ ಮಾಡುತ್ತಿದ್ದುದಕ್ಕೆ 'ತ್ರೀ-ವೇ ಮರ್ಜ್' ಎಂಬ ಹೆಸರಿದೆ ಎಂದು. ಒಂದೇ ಪ್ರೋಗ್ರಾಮಿನ ಮೇಲೆ ಇಬ್ಬರು ಬೇರೆ ಬೇರೆ ಕವಲುಗಳಲ್ಲಿ, ಎಂದರೆ ಬ್ರಾಂಚುಗಳಲ್ಲಿ, ಕೆಲಸ ಮಾಡುತ್ತಾರೆ. ಆಮೇಲೆ ಎರಡನ್ನೂ ಕೂಡಿಸಬೇಕು. ಕೂಡಿಸುವುದಕ್ಕೆ ಬೇಕಾದದ್ದು ಎರಡಲ್ಲ, ಮೂರು: ಈ ಕವಲಿನ ತುದಿ, ಆ ಕವಲಿನ ತುದಿ, ಎರಡೂ ಬೇರೆಯಾದ ಜಾಗ. ಈ ಮೂರನೆಯದನ್ನು, ಪ್ರೋಗ್ರಾಮಿನ ಆವೃತ್ತಿಗಳನ್ನು ಕಾಪಾಡುವ ಸಾಧನವಾದ ಗಿಟ್‌ನಲ್ಲಿ 'ಮರ್ಜ್ ಬೇಸ್' ಎನ್ನುತ್ತಾರೆ. ಕನ್ನಡದಲ್ಲಿ ಸಮಾನ ಮೂಲ ಎನ್ನೋಣ. ಇದನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆಗೆ ಐವತ್ತು ವರ್ಷಗಳ ಕಂಪ್ಯೂಟರ್ ಇತಿಹಾಸವಿದೆ. ಅದಕ್ಕಿಂತ ಹಳೆಯದಾದ, ನಮ್ಮ ಓಲೆಗರಿಗಳ ನಡುವೆಯೇ ಬೆಳೆದ ಇನ್ನೊಂದು ಇತಿಹಾಸವೂ ಇದೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಪ್ರಶ್ನೆ ಪೂರ್ತಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕಂಪ್ಯೂಟರಿನ ಕಡೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್, ಹತ್ತು ವರ್ಷದ ನಂತರ ವಾಲ್ಟರ್ ಟಿಕಿ ತಂದ ಆರ್‌ಸಿಎಸ್, ಎರಡೂ ಒಂದೊಂದು ಕಡತದ ಚರಿತ್ರೆಯನ್ನು ಬೇರೆ ಬೇರೆಯಾಗಿ ಇಡುತ್ತಿದ್ದವು. ಒಬ್ಬರು ಕಡತವನ್ನು ತಿದ್ದಲು ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತಿತ್ತು, ಉಳಿದವರು ಕಾಯಬೇಕಿತ್ತು. ಆರ್‌ಸಿಎಸ್‌ನ ಆವೃತ್ತಿ ಸಂಖ್ಯೆಗಳಲ್ಲಿ ಒಂದು ಸೊಗಸಿತ್ತು. 1.2.1.3 ಎಂಬ ಸಂಖ್ಯೆ ನೋಡಿದರೆ ಸಾಕು, ಅದು 1.2ರಿಂದ ಕವಲೊಡೆದದ್ದು ಎಂದು ಗೊತ್ತಾಗುತ್ತಿತ್ತು. 1.4ಕ್ಕೂ ಅದಕ್ಕೂ ಸಮಾನ ಮೂಲ 1.2. ಹುಡುಕುವ ಮಾತೇ ಇಲ್ಲ, ಹೆಸರಿನಲ್ಲೇ ವಂಶ ಅಡಗಿದೆ.

ಆದರೆ ಆ ಹೆಸರು ಒಡೆದದ್ದನ್ನು ಹೇಳುತ್ತಿತ್ತೇ ಹೊರತು ಕೂಡಿದ್ದನ್ನು ಹೇಳುತ್ತಿರಲಿಲ್ಲ. ಆರ್‌ಸಿಎಸ್‌ನ ಮೇಲೆ ಕಟ್ಟಿದ ಸಿವಿಎಸ್‌ನಲ್ಲಿ ಬೀಗ ಹೋಯಿತು, ಹತ್ತು ಜನ ಒಟ್ಟಿಗೆ ತಿದ್ದುವ ಕಾಲ ಬಂತು. ತೊಂದರೆ ಬಯಲಾದದ್ದು ಆಗಲೇ. ಒಂದು ಕವಲನ್ನು ಸೋಮವಾರ ಮುಖ್ಯ ಕಾಂಡಕ್ಕೆ ಕೂಡಿಸಿದ್ದೀರಿ. ಶುಕ್ರವಾರ ಅದೇ ಕವಲಿನ ಹೊಸ ಕೆಲಸವನ್ನು ಮತ್ತೆ ಕೂಡಿಸಬೇಕು. ಸೋಮವಾರದ ಕೂಡಿಕೆಯ ನೆನಪು ಸಿವಿಎಸ್‌ಗೆ ಇಲ್ಲ. ಅದು ಮತ್ತೆ ಹಳೆಯ ಕವಲೊಡೆದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ ಘರ್ಷಣೆಗಳು, ಒಮ್ಮೆ ಬಗೆಹರಿಸಿದವೂ, ಮತ್ತೆ ಎದುರಾಗುತ್ತವೆ. 2000ದಲ್ಲಿ ಕೆಲಸ ಆರಂಭವಾದ ಸಬ್‌ವರ್ಶನ್‌ನಲ್ಲೂ 2008ರ 1.5 ಆವೃತ್ತಿ ಬರುವ ತನಕ ಇದೇ ಪಾಡು. ಎಷ್ಟನೇ ಆವೃತ್ತಿಯಿಂದ ಎಷ್ಟನೆಯದರವರೆಗೆ ಕೂಡಿಸಿದೆವು ಎಂಬುದನ್ನು ಟಿಪ್ಪಣಿಯಲ್ಲಿ ಕೈಯಾರೆ ಬರೆದಿಡುತ್ತಿದ್ದೆವು. ಬರೆಯಲು ಮರೆತವರ ಕವಲನ್ನು ಕೂಡಿಸುವ ಪಾಳಿ ಯಾರಿಗೂ ಬೇಡವಾಗಿರುತ್ತಿತ್ತು.

2005ರ ಏಪ್ರಿಲ್‌ನಲ್ಲಿ ಲೀನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು; ಅದೇ ತಿಂಗಳು ಒಲಿವಿಯಾ ಮ್ಯಾಕಲ್ ಮರ್ಕ್ಯೂರಿಯಲ್ ಆರಂಭಿಸಿದರು. ಎರಡರಲ್ಲೂ ಪ್ರತಿ ಕಮಿಟ್, ಎಂದರೆ ದಾಖಲಿಸಿಟ್ಟ ಒಂದೊಂದು ಹೆಜ್ಜೆ, ತನ್ನ ತಂದೆತಾಯಿ ಯಾರೆಂದು ತನ್ನೊಳಗೇ ಬರೆದುಕೊಂಡಿರುತ್ತದೆ. ಸಾದಾ ಕಮಿಟ್‌ಗೆ ಒಂದು ಮೂಲ, ಮರ್ಜ್ ಕಮಿಟ್‌ಗೆ ಸಾಮಾನ್ಯವಾಗಿ ಎರಡು. ಗಿಟ್‌ನಲ್ಲಿ ಆ ಬರಹವೂ ಸೇರಿಯೇ ಕಮಿಟ್‌ನ ನಲವತ್ತು ಅಕ್ಷರದ ಗುರುತು ಲೆಕ್ಕವಾಗುತ್ತದೆ. ಆದ್ದರಿಂದ ಗುರುತು ಬದಲಾಗದಂತೆ ವಂಶವನ್ನು ಮಾತ್ರ ತಿದ್ದುತ್ತೇನೆಂದರೆ ಆಗದು.

ಇಲ್ಲಿಂದ ಮುಂದೆ ವಂಶವೃಕ್ಷ ಎಂಬ ಮಾತು ಸಾಲದಾಗುತ್ತದೆ, ಏಕೆಂದರೆ ವೃಕ್ಷದಲ್ಲಿ ಒಡೆದ ಕೊಂಬೆ ಮತ್ತೆ ಕೂಡುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಸೋದರಮಾವನನ್ನು ಮದುವೆಯಾದ ಹೆಣ್ಣುಮಗಳು ನಮ್ಮ ಎಷ್ಟು ಮನೆಗಳಲ್ಲಿಲ್ಲ! ಆಕೆಯ ಮಗುವಿಗೆ ತಂದೆಯ ತಂದೆ ಯಾರೋ, ತಾಯಿಯ ತಾಯಿಯ ತಂದೆಯೂ ಅವರೇ. ಒಬ್ಬರೇ ಹಿರಿಯರು ಒಂದು ದಾರಿಯಲ್ಲಿ ಎಣಿಸಿದರೆ ಅಜ್ಜ, ಇನ್ನೊಂದು ದಾರಿಯಲ್ಲಿ ಎಣಿಸಿದರೆ ಮುತ್ತಜ್ಜ. 1955ರ ಹಿಂದೂ ವಿವಾಹ ಕಾಯ್ದೆ ಸಪಿಂಡ ಸಂಬಂಧವನ್ನು ತಾಯಿಯ ಕಡೆ ಮೂರು, ತಂದೆಯ ಕಡೆ ಐದು ತಲೆಮಾರಿನವರೆಗೆ ಎಣಿಸಿ, ಸಂಪ್ರದಾಯ ಒಪ್ಪಿದಲ್ಲಿ ಮದುವೆಗೆ ಅವಕಾಶ ಬಿಟ್ಟಿದೆ. ಆ ಎಣಿಕೆಯೇ ಸಮಾನ ಪೂರ್ವಜರ ಹುಡುಕಾಟ. ಮರದಂಥ ವಂಶದಲ್ಲಿ ಹತ್ತಿರದ ಸಮಾನ ಪೂರ್ವಜ ಯಾವಾಗಲೂ ಒಂದೇ. ಅದನ್ನು ಚಕಚಕನೆ ಹುಡುಕುವ ವಿಧಾನವನ್ನು ಹರೇಲ್ ಮತ್ತು ಟಾರ್ಜನ್ 1984ರಲ್ಲೇ ಕೊಟ್ಟರು: ಒಮ್ಮೆ ಸಿದ್ಧತೆ ಮಾಡಿಕೊಂಡರೆ ಮರ ಎಷ್ಟೇ ದೊಡ್ಡದಾದರೂ ಉತ್ತರಕ್ಕೆ ಹಿಡಿಯುವ ಹೊತ್ತು ಒಂದೇ. ಒಡೆದು ಕೂಡುವ ಜಾಲದಲ್ಲಿ ಅಷ್ಟು ಸಲೀಸಿಲ್ಲ.

ಗಿಟ್ ಹುಡುಕುವ ರೀತಿಯನ್ನು ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ. ಒಂದು ಕವಲಿನ ತುದಿಗೆ ಅರಿಶಿನ ಹಚ್ಚು, ಇನ್ನೊಂದರ ತುದಿಗೆ ಕುಂಕುಮ. ಎರಡನ್ನೂ ಸಾಲಿನಲ್ಲಿ ನಿಲ್ಲಿಸು. ತಾರೀಖಿನಲ್ಲಿ ಎಲ್ಲಕ್ಕಿಂತ ಹೊಸದನ್ನು ಸಾಲಿನಿಂದ ಹೊರಗೆ ತೆಗೆ, ಅದರ ಮೈಮೇಲಿನ ಬಣ್ಣವನ್ನು ಅದರ ಹಿರಿಯರಿಗೆ ಹಚ್ಚು, ಅವರನ್ನು ಸಾಲಿಗೆ ಸೇರಿಸು. ಹೀಗೇ ಹಿಂದಕ್ಕೆ ನಡೆ. ಯಾವ ಕಮಿಟ್ ಮೇಲೆ ಅರಿಶಿನ ಕುಂಕುಮ ಎರಡೂ ಬಿದ್ದಿತೋ ಅದು ಸಮಾನ ಪೂರ್ವಜ. ಅದರ ಹಿರಿಯರೂ ಸಮಾನ ಪೂರ್ವಜರೇ, ಆದರೆ ನಮಗೆ ಬೇಡದವರು. ಅವರಿಗೆ 'ಹಳತು' ಎಂದು ಮೂರನೆಯ ಗುರುತು ಹಾಕು. ಸಾಲಿನಲ್ಲಿ ಹಳತಷ್ಟೇ ಉಳಿದಾಗ ನಿಲ್ಲಿಸು. ಗಿಟ್‌ನ ಮೂಲ ಸಂಕೇತದಲ್ಲೂ ಈ ಕೆಲಸಕ್ಕೆ ಇಟ್ಟಿರುವ ಹೆಸರು ಬಣ್ಣ ಹಚ್ಚುವುದೆಂದೇ.

ಇಲ್ಲಿ ತಾರೀಖನ್ನು ನಂಬುವುದು ಒಂದು ದೌರ್ಬಲ್ಯ. ಯಾರದೋ ಲ್ಯಾಪ್‌ಟಾಪಿನ ಗಡಿಯಾರ ತಪ್ಪಾಗಿದ್ದರೆ ಮಗ ತಂದೆಗಿಂತ ಮೊದಲು ಹುಟ್ಟಿದಂತೆ ಕಾಣುತ್ತಾನೆ, ನಡಿಗೆ ಅಡ್ಡದಾರಿ ಹಿಡಿಯುತ್ತದೆ. ದೊಡ್ಡ ಭಂಡಾರಗಳಲ್ಲಿ, ಎಂದರೆ ರೆಪಾಸಿಟರಿಗಳಲ್ಲಿ, ಇಷ್ಟು ನಡೆಯುವುದಕ್ಕೇ ಹೊತ್ತು ಹಿಡಿಯುತ್ತಿತ್ತು. 2018ರಲ್ಲಿ ಗಿಟ್ 2.18ರೊಂದಿಗೆ ಕಮಿಟ್-ಗ್ರಾಫ್ ಎಂಬ ಕಡತ ಬಂತು. ಅದರಲ್ಲಿ ಪ್ರತಿ ಕಮಿಟ್‌ಗೂ ಒಂದು ತಲೆಮಾರಿನ ಸಂಖ್ಯೆ: ತಂದೆತಾಯಿಗಳಲ್ಲಿ ಯಾರ ಸಂಖ್ಯೆ ದೊಡ್ಡದೋ ಅದಕ್ಕೆ ಒಂದು ಕೂಡಿಸಿದ್ದು. ಸೋದರಮಾವನ ಮಗುವಿನ ಲೆಕ್ಕ ಇಲ್ಲಿ ನೆನಪಾಗಬೇಕು. ಅಜ್ಜನೂ ಮುತ್ತಜ್ಜನೂ ಒಬ್ಬರೇ ಆದಾಗ ಉದ್ದದ ದಾರಿಯನ್ನೇ ಎಣಿಸಬೇಕು, ಆಗ ಮಾತ್ರ ಪೂರ್ವಜರ ಸಂಖ್ಯೆ ಸಂತಾನದ ಸಂಖ್ಯೆಗಿಂತ ಎಂದೂ ದೊಡ್ಡದಾಗುವುದಿಲ್ಲ. ಗಡಿಯಾರ ಸುಳ್ಳು ಹೇಳಿದರೂ ಈ ಸಂಖ್ಯೆ ಹೇಳುವುದಿಲ್ಲ.

ಈ ವಿಷಯದ ಅತ್ಯಂತ ಗಟ್ಟಿ ಕಾಳು ಇರುವುದು ಉತ್ತರ ಒಂದಕ್ಕಿಂತ ಹೆಚ್ಚು ಬಂದಾಗ. ಎರಡು ತಂಡ ಇವೆಯೆನ್ನಿ. ಒಂದರ ಕೆಲಸ ಕ, ಇನ್ನೊಂದರದು ಖ. ಮೊದಲ ತಂಡ ಖ ಅನ್ನು ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಎರಡನೆಯ ತಂಡ ಕ ಅನ್ನು ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ಆಮೇಲೆ ಇಬ್ಬರೂ ಮುಂದುವರಿಯುತ್ತಾರೆ. ಈಗ ಎರಡು ತುದಿಗಳ ಸಮಾನ ಮೂಲ ಯಾವುದು? ಕ ಕೂಡ ಹೌದು, ಖ ಕೂಡ ಹೌದು. ಕ ಖದ ಪೂರ್ವಜನಲ್ಲ, ಖ ಕದ ಪೂರ್ವಜನಲ್ಲ. ಯಾವುದು ಹತ್ತಿರದ್ದು ಎಂದು ತೀರ್ಮಾನಿಸಲು ಆಧಾರವೇ ಇಲ್ಲ. ಇದಕ್ಕೆ ಕ್ರಿಸ್-ಕ್ರಾಸ್ ಎನ್ನುತ್ತಾರೆ. ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡರೆ ಇನ್ನೊಂದರಲ್ಲಿ ಮಾಡಿದ ತೀರ್ಮಾನ ಸದ್ದಿಲ್ಲದೆ ತಿರುಗುಮುರುಗಾಗಬಹುದು. 2005ರಲ್ಲೇ ಗಿಟ್‌ಗೆ ಬಂದ ರಿಕರ್ಸಿವ್ ವಿಧಾನ ಕ ಮತ್ತು ಖಗಳನ್ನೇ ಮೊದಲು ಒಂದಕ್ಕೊಂದು ಕೂಡಿಸಿ, ಎಂದೂ ಯಾರೂ ಬರೆಯದಿದ್ದ ಒಂದು ಕಲ್ಪಿತ ಪೂರ್ವಜನನ್ನು ಹುಟ್ಟಿಸಿ, ಅದನ್ನು ಮೂರನೆಯ ಪ್ರತಿಯ ಜಾಗದಲ್ಲಿ ಇಡುತ್ತದೆ. ಕ ಮತ್ತು ಖ ನಡುವೆಯೇ ಘರ್ಷಣೆ ಇದ್ದರೆ ಆ ಘರ್ಷಣೆಯ ಗುರುತುಗಳೂ ಕಲ್ಪಿತ ಪೂರ್ವಜನ ಮೈಮೇಲೆ ಉಳಿಯುತ್ತವೆ. ಎಲೈಜಾ ನ್ಯೂರೆನ್ ಹೊಸದಾಗಿ ಬರೆದ 'ಒಆರ್‌ಟಿ' ವಿಧಾನ 2021ರ ಗಿಟ್ 2.34ರಿಂದ ರೂಢಿಯ ವಿಧಾನವಾಯಿತು. ವೇಗ ಎಷ್ಟೋ ಪಟ್ಟು ಹೆಚ್ಚಿತು, ಕಲ್ಪಿತ ಪೂರ್ವಜನ ಉಪಾಯ ಹಾಗೇ ಉಳಿಯಿತು.

ಇಲ್ಲದ ಪೂರ್ವಜನನ್ನು ಕಟ್ಟಿಕೊಳ್ಳುವ ಈ ಉಪಾಯ ಓದಿದಾಗ ನನಗೆ ಹೊಸದೆನಿಸಲಿಲ್ಲ. ಕಾಲೇಜಿನಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡಿದ್ದ ಅಕ್ಕನ ಮೇಜಿನ ಮೇಲೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಇತ್ತು. ಗ್ರಂಥಸಂಪಾದಕನ ಮುಂದಿರುವುದು ಇದೇ ಸಮಸ್ಯೆ, ಇನ್ನೂ ಕಷ್ಟದ ರೂಪದಲ್ಲಿ. ಕವಿಯ ಕೈಬರಹ ಇಲ್ಲ. ಅದನ್ನು ನೋಡಿ ಬರೆದ ಪ್ರತಿಯೂ ಇಲ್ಲ. ಮೂಡಬಿದಿರೆಯಲ್ಲೊಂದು, ಮೈಸೂರಿನಲ್ಲೊಂದು ಓಲೆಯ ಕಟ್ಟು. ಯಾವುದು ಯಾವುದರಿಂದ ಬಂತು ಎಂದು ಬರೆದಿಟ್ಟವರಿಲ್ಲ. ವಂಶವನ್ನು ಸಂಪಾದಕನೇ ಊಹಿಸಬೇಕು.

ಹೇಗೆ? ಇಬ್ಬರು ಲಿಪಿಕಾರರು ಸರಿಯಾಗಿ ಬರೆದದ್ದು ಒಂದೇ ಆಗಿದ್ದರೆ ಅದರಿಂದ ಏನೂ ತಿಳಿಯದು, ಸರಿ ಎಂಬುದು ಎಲ್ಲರಿಗೂ ಒಂದೇ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ಥರ ತಪ್ಪಿದ್ದರೆ, ಅದೂ ಯಾರಿಗಾದರೂ ಸುಲಭವಾಗಿ ಆಗುವಂಥ ತಪ್ಪಲ್ಲದಿದ್ದರೆ, ಇಬ್ಬರ ಮುಂದೆಯೂ ಆ ತಪ್ಪಿದ್ದ ಒಂದೇ ಮಾತೃಪ್ರತಿ ಇತ್ತೆಂದು ಹೇಳಬಹುದು. ಯೂರೋಪಿನಲ್ಲಿ ಕಾರ್ಲ್ ಲಾಕ್‌ಮನ್ 1850ರಲ್ಲಿ ಲುಕ್ರೀಶಿಯಸ್ ಕಾವ್ಯವನ್ನು ಸಂಪಾದಿಸಿದ ಮೇಲೆ ಇಂಥ ವಂಶಾವಳಿಯ ವಿಧಾನ ಅವರ ಹೆಸರಿನಲ್ಲೇ ನಿಂತಿತು. ಸುಲಭದ ತಪ್ಪುಗಳನ್ನು ಮಾತ್ರ ಸಾಕ್ಷಿಗೆ ಕರೆಯಬಾರದು. ಹಳೆಯ ಓಲೆಗಳಲ್ಲಿ ಎ-ಏ, ಒ-ಓಗಳ ಭೇದವನ್ನು ಸಾಮಾನ್ಯವಾಗಿ ಬರೆಯುತ್ತಿರಲಿಲ್ಲ. ಅಲ್ಲಿ ಇಬ್ಬರು ಎಡವಿದ್ದರೆ ಅದು ನಂಟಲ್ಲ. ಇಬ್ಬರು ಪ್ರೋಗ್ರಾಮರ್‌ಗಳು ಒಬ್ಬರನ್ನೊಬ್ಬರು ನೋಡದೆ ಒಂದೇ ದೋಷಕ್ಕೆ ಒಂದೇ ಸಾಲಿನ ಪರಿಹಾರ ಬರೆದರೆ ಅವರ ಕವಲುಗಳು ಸೇರಿದಂತಾಗದು, ಹಾಗೆಯೇ.

ಕನ್ನಡದ ಸಂಪಾದಕನಿಗೆ ಒಂದು ಭಾಗ್ಯವಿದೆ. ಆದಿಪ್ರಾಸದಿಂದಾಗಿ ಪದ್ಯದ ಪ್ರತಿ ಸಾಲಿನ ಎರಡನೆಯ ವ್ಯಂಜನ ಒಂದೇ ಇರಬೇಕು. ಭಾಮಿನಿ ಷಟ್ಪದಿಯಾದರೆ ಸಣ್ಣ ಸಾಲಿಗೆ 14 ಮಾತ್ರೆ, ಮೂರನೆಯ ಆರನೆಯ ಸಾಲಿಗೆ 23. ಅಕ್ಷರ ಬಿದ್ದುಹೋದರೆ, ಪದ ಬದಲಾದರೆ, ಎಣಿಸುವವರಿಗೆ ತಕ್ಷಣ ಗೊತ್ತು. ಗಿಟ್‌ನ ನಲವತ್ತು ಅಕ್ಷರದ ಗುರುತು ಮಾಡುವ ಅರ್ಧ ಕೆಲಸವನ್ನು ನಮ್ಮ ಛಂದಸ್ಸು ಮಾಡುತ್ತಿತ್ತು: ಪಾಠ ಕೆಟ್ಟಿದೆ ಎಂದು ಅದು ಹೇಳುತ್ತಿತ್ತು. ಎಲ್ಲಿಂದ ಬಂತು ಎಂಬ ಉಳಿದರ್ಧವನ್ನು ಹೇಳುತ್ತಿರಲಿಲ್ಲ.

ಈ ಸಂಪಾದನೆಯ ಕೆಲಸ ಕನ್ನಡದಲ್ಲಿ ಹೇಗೆ ಸಾಗಿತು ನೋಡೋಣ. 1898ರಲ್ಲೇ ಲೂಯಿಸ್ ರೈಸ್ ಪಂಪಭಾರತವನ್ನು ಮೊದಲ ಬಾರಿ ಅಚ್ಚಿಗೆ ತಂದರು. 1915ರಲ್ಲಿ ಹುಟ್ಟಿ ಚಾಮರಾಜಪೇಟೆಯಲ್ಲಿ ನೆಲೆಯಾದ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಅದರ ಪರಿಷ್ಕೃತ ಮುದ್ರಣ ಹೊರಡಿಸಿತು. ಆ ಕೆಲಸದ ಮುಂದಾಳು ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದವರು, 1918ರಲ್ಲಿ 'ವಿಜ್ಞಾನ' ಪತ್ರಿಕೆ ತಂದವರಲ್ಲೊಬ್ಬರು. ಅಳತೆಯ ತಪ್ಪನ್ನು ಎಣಿಸಿ ಕಳೆಯುವ ಅಭ್ಯಾಸ ಇದ್ದವರು ಪಾಠಾಂತರದ ಕೆಲಸಕ್ಕೆ ಕೈಹಾಕಿದ್ದು ಸಹಜವೆಂದೇ ನನಗೆ ಕಾಣುತ್ತದೆ.

ಗದುಗಿನ ಭಾರತದ ಕಥೆ ಇನ್ನೂ ಜಟಿಲ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಅದರ ಜನಪ್ರಿಯ ಮುದ್ರಣ 1958ರಲ್ಲಿ ಬಂತು. ಬರೆದ ಪದವನ್ನು ಅಳಿಸಿದ್ದಿಲ್ಲ ಎಂದು ಹೆಮ್ಮೆಪಟ್ಟ ಕವಿ ಕುಮಾರವ್ಯಾಸ. ಆದರೆ ಆ ಕಾವ್ಯ ಕೈಯಿಂದ ಕೈಗೆ ಹೋದಷ್ಟೇ ಬಾಯಿಂದ ಕಿವಿಗೂ ಹೋಯಿತು. ಗಮಕಿಗಳು ಹಾಡಿದರು, ಊರೂರಿನ ಜಗಲಿಗಳಲ್ಲಿ ಜನ ಕೇಳಿದರು. ಮುಂದೆ ಓಲೆಯಿಟ್ಟುಕೊಂಡು ನಕಲು ಮಾಡುವವನ ಕಿವಿಯಲ್ಲಿ ಬೇರೆಯೇ ಪಾಠ ನಿಂತಿರುತ್ತದೆ. ಕಣ್ಣು ಒಂದನ್ನು ಓದುತ್ತದೆ, ಕೈ ಇನ್ನೊಂದನ್ನು ಬರೆಯುತ್ತದೆ. ಹೀಗೆ ಎರಡು ಶಾಖೆ ಬೆರೆತ ಪ್ರತಿಗಳಿಗೆ ಯಾವುದು ತಾಯಿ? ಇದೇ ಕ್ರಿಸ್-ಕ್ರಾಸ್. ಗಿಟ್‌ನಲ್ಲಿ ಬೆರೆತದ್ದು ದಾಖಲಾಗಿರುತ್ತದೆ, ಇಲ್ಲಿ ಅದೂ ಇಲ್ಲ.

ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಸಂಸ್ಕೃತ ಮಹಾಭಾರತದ ಪರಿಷ್ಕರಣಕ್ಕೆ ತೊಡಗಿ 1966ರಲ್ಲಿ ಮುಗಿಸಿತು. ಅದರ ದಾರಿ ಹಾಕಿದ ವಿ.ಎಸ್. ಸುಕ್ಥಣಕರ್ ಪ್ರತಿಗಳನ್ನು ಉತ್ತರದ ಶಾಖೆ, ದಕ್ಷಿಣದ ಶಾಖೆ ಎಂದು ಎರಡಾಗಿ ವಿಂಗಡಿಸಿದರು. ಒಂದನ್ನೊಂದು ನೋಡದ ಎರಡು ಶಾಖೆಗಳೂ ಒಪ್ಪುವ ಪಾಠ ಮೂಲದ್ದು ಎಂಬುದು ಅವರ ನೆಲೆ. ಅವರು ವ್ಯಾಸರ ಕೃತಿಯನ್ನೇ ಮರಳಿ ಪಡೆದೆ ಎಂದು ಹೇಳಿಕೊಳ್ಳಲಿಲ್ಲ. ಉಳಿದಿರುವ ಪ್ರತಿಗಳಿಂದ ತಲುಪಬಹುದಾದ ಅತಿ ಹಳೆಯ ರೂಪ ಎಂದಷ್ಟೇ ಹೇಳಿದರು. ಈ ಎಚ್ಚರ ಮುಖ್ಯವಾದದ್ದು. ಉಳಿದ ಪ್ರತಿಗಳ ಹತ್ತಿರದ ಸಮಾನ ಮೂಲ ಬೇರೆ, ಕೃತಿಯ ಆದಿಮೂಲ ಬೇರೆ. ಗಿಟ್‌ನಲ್ಲೂ ಮರ್ಜ್ ಬೇಸ್ ಎಂದರೆ ಮೊದಲ ಕಮಿಟ್ ಅಲ್ಲ. ಲೀನಕ್ಸ್‌ನ ಇಂದಿನ ಭಂಡಾರದ ಮೊದಲ ಕಮಿಟ್ 2005ರ ಏಪ್ರಿಲ್‌ನದು, ಲೀನಕ್ಸ್ ಹುಟ್ಟಿದ್ದು 1991ರಲ್ಲಿ.

ಇನ್ನು ಈ ಎರಡೂ ಕಸುಬುಗಳು ಪರಸ್ಪರ ಬೆನ್ನು ತಿರುಗಿಸುವ ಜಾಗಕ್ಕೆ ಬರೋಣ. ಮೂರು ಪ್ರತಿಗಳಲ್ಲಿ ಎರಡು ಒಪ್ಪಿ ಒಂದು ಬೇರೆಯಾದರೆ ಗ್ರಂಥಸಂಪಾದಕ ಒಪ್ಪಿದ ಎರಡನ್ನು ಹಿಡಿಯುತ್ತಾನೆ, ಒಂಟಿಯಾದದ್ದು ಲಿಪಿಕಾರನ ಸ್ಖಾಲಿತ್ಯ ಎಂದು ಅಡಿಟಿಪ್ಪಣಿಗೆ ಕಳಿಸುತ್ತಾನೆ. ಅಚ್ಚುಕೂಟದ ನಮ್ಮ ತಂದೆ ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. ಮೊದಲ ಪ್ರೂಫೂ ಗಂಡಿನ ಮನೆಯ ಹಾಳೆಯೂ 3 ಎಂದು ಒಪ್ಪಿದರೂ ಅವರು ಹಾಕುತ್ತಿದ್ದದ್ದು ಒಂಟಿಯಾದ 4. ಏಕೆಂದರೆ ಅಲ್ಲಿ ಬದಲಾವಣೆ ಎಂದರೆ ಯಾರೋ ಬೇಕೆಂದು ಮಾಡಿದ ತಿದ್ದುಪಡಿ, ಕೈತಪ್ಪಲ್ಲ. ಗಿಟ್ ಕೂಡ ಹೀಗೇ ನಂಬುತ್ತದೆ. ಮೂಲ ಪ್ರತಿ ಸಂಪಾದಕನಿಗೆ ಗುರಿ, ಪ್ರೋಗ್ರಾಮರನಿಗೆ ಬದಲಾವಣೆ ಅಳೆಯುವ ಗುರುತುಗಲ್ಲು.

ಇದನ್ನು ಮನದಟ್ಟು ಮಾಡುವ ಕನ್ನಡದ ಉದಾಹರಣೆ ಶೂನ್ಯಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದವಾಗಿ ಹೆಣೆದರು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಸಿದ್ಧರಾಮರ ದೀಕ್ಷೆಯ ಪ್ರಸಂಗದಂಥ ಕಡೆ ಈ ನಾಲ್ಕು ಒಂದೇ ಮಾತಾಡುವುದಿಲ್ಲ. ಹಳೆಯದೇ ಶುದ್ಧ ಎಂಬ ಸೂತ್ರ ಹಿಡಿದು ಮೂರು ಆವೃತ್ತಿಗಳನ್ನು ಅಡಿಟಿಪ್ಪಣಿಗೆ ತಳ್ಳಿದರೆ ಮೂವರು ಸಂಪಾದಕರ ತತ್ತ್ವನಿಲುವನ್ನೇ ಕಳೆದುಕೊಂಡಂತೆ. ಅಲ್ಲಿರುವುದು ಕೈತಪ್ಪುಗಳಲ್ಲ, ಕಮಿಟ್‌ಗಳು. ಗ್ರಂಥಸಂಪಾದಕ ಇಲ್ಲಿ ಪ್ರೋಗ್ರಾಮರನಂತೆ ಓದಬೇಕು.

ಇನ್ನೊಂದು ಕೊನೆಯಲ್ಲಿ ಮೂಡಬಿದಿರೆಯ ಧವಲಾ ಇದೆ. ಪ್ರಾಕೃತದ ಷಟ್ಖಂಡಾಗಮ ಮತ್ತು ವೀರಸೇನಾಚಾರ್ಯರ ಆ ವ್ಯಾಖ್ಯಾನ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿತ್ತು. ಅದು ದರ್ಶನಕ್ಕೆ, ಓದಿಗಲ್ಲ. ಅದರಿಂದ ಆದ ನಕಲುಗಳ ನಕಲುಗಳು ಉತ್ತರ ಭಾರತಕ್ಕೆ ಹೋಗಿ, ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ 1939ರಲ್ಲಿ ಹೊರಬಂತು. ಸಂಪಾದಕರ ಕೈಯಲ್ಲಿದ್ದ ಪ್ರತಿಗಳು ಎಷ್ಟೇ ಇದ್ದರೂ ಎಲ್ಲದರ ಸಮಾನ ಮೂಲ ಆ ಬಸದಿಯೊಳಗಿತ್ತು. ಮುಂದಿನ ಸಂಪುಟಗಳ ಹೊತ್ತಿಗೆ ತಾಳೆಗರಿಗಳೊಡನೆ ಹೋಲಿಸುವ ಅವಕಾಶ ದೊರೆತು ಎಷ್ಟೋ ಸಂಶಯ ತೀರಿತು. ಮೂಲ ಇದ್ದೂ ಕೈಗೆ ಸಿಗದಿರುವುದು ಮೂಲ ಇಲ್ಲದಿರುವುದಕ್ಕಿಂತ ಬೇರೆ ಬಗೆಯ ಕಷ್ಟ.

ಆ ಕಷ್ಟ ನನಗೂ ಒಮ್ಮೆ ಎದುರಾಯಿತು. ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಪರೀಕ್ಷಾ ಯಂತ್ರಗಳು ಭಂಡಾರವನ್ನು ಇಳಿಸಿಕೊಳ್ಳುವಾಗ ವೇಗಕ್ಕಾಗಿ ಕೊನೆಯ ಒಂದೇ ಕಮಿಟ್ ತರುತ್ತಿದ್ದವು. ಯಾವ ಕಡತಗಳು ಬದಲಾಗಿವೆ ಎಂದು ನೋಡಿ ಅವಕ್ಕಷ್ಟೇ ಪರೀಕ್ಷೆ ನಡೆಸುವ ಏರ್ಪಾಡು. ಬದಲಾವಣೆ ತಿಳಿಯಲು ಸಮಾನ ಮೂಲ ಬೇಕು. ಒಂದೇ ಕಮಿಟ್ ಇದ್ದರೆ ಅದಕ್ಕೆ ಹಿಂದೆ ದಾರಿಯೇ ಇಲ್ಲ. ಉತ್ತರ ಖಾಲಿ ಬಂತು, ಖಾಲಿಯನ್ನು ನಮ್ಮ ಏರ್ಪಾಡು 'ಬದಲಾವಣೆ ಇಲ್ಲ' ಎಂದು ಓದಿತು, ಎರಡು ವಾರ ಯಾವ ಪರೀಕ್ಷೆಯೂ ನಡೆಯಲಿಲ್ಲ. ಪೂರ್ತಿ ಚರಿತ್ರೆ ತರಿಸಿದ ಕೂಡಲೇ ನಲವತ್ತು ಅಕ್ಷರದ ಒಂದು ಸಾಲು ಮೂಡಿತು.

ಇಂದು ಹೆಚ್ಚು ಹಾನಿ ಮಾಡುತ್ತಿರುವುದು ಸ್ಕ್ವಾಶ್ ಮರ್ಜ್ ಎಂದು ನನಗನ್ನಿಸುತ್ತದೆ. ಇಪ್ಪತ್ತು ಕಮಿಟ್‌ಗಳನ್ನು ಹಿಂಡಿ ಒಂದು ಮಾಡಿ ಮುಖ್ಯ ಕವಲಿಗೆ ಸೇರಿಸುತ್ತಾರೆ. ಚರಿತ್ರೆ ಚೊಕ್ಕಟವಾಗಿ ಕಾಣುತ್ತದೆ. ಆದರೆ ಆ ಒಂದು ಕಮಿಟ್‌ಗೆ ಎರಡನೆಯ ಮೂಲವಿಲ್ಲ. ಅದೇ ಹಳೆಯ ಕವಲಿನಲ್ಲಿ ಕೆಲಸ ಮುಂದುವರಿಸಿ ಮತ್ತೆ ಕೂಡಿಸಿದರೆ ಗಿಟ್ ಸಿವಿಎಸ್ ಕಾಲಕ್ಕೆ ಮರಳುತ್ತದೆ. ಒಂದು ಕವಲಿನ ಒಂದೇ ಕಮಿಟ್ ಆರಿಸಿ ಇನ್ನೊಂದಕ್ಕೆ ನಕಲಿಸುವ ಚೆರ್ರಿ-ಪಿಕ್ ಕೂಡ ಹೀಗೆ, ಬದಲಾವಣೆ ಬರುತ್ತದೆ, ನಂಟು ಬರುವುದಿಲ್ಲ. ಒಂದು ಬದಲಾವಣೆಯನ್ನು ಒಂದು ಕವಲಿನಲ್ಲಿ ಮಾಡಿ ವಾಪಸು ತೆಗೆದು, ಇನ್ನೊಂದರಲ್ಲಿ ಹಾಗೇ ಉಳಿಸಿಕೊಂಡರೆ ಸಮಾನ ಮೂಲ ಸರಿಯಾಗಿ ಸಿಕ್ಕಿದರೂ ಏಟು ಬೀಳಬಹುದು. ತೆಗೆದವರ ತುದಿ ಮೂಲದಂತೆಯೇ ಕಾಣುತ್ತದೆ, ಅವರು ಏನೂ ಮಾಡಿಲ್ಲವೆಂದು ಲೆಕ್ಕವಾಗಿ, ತೆಗೆದದ್ದು ಮರಳಿ ಬರುತ್ತದೆ. ಹೆಣ್ಣಿನ ಮನೆಯವರು ರಸ್ತೆಯ ಸಂಖ್ಯೆಯನ್ನು 4 ಮಾಡಿ, ರಾತ್ರಿ ಯೋಚಿಸಿ ಮತ್ತೆ 3 ಬರೆದು ಕಳಿಸಿದರೆ ಆ ಯೋಚನೆ ಕೊಕ್ಕೆಯ ಪ್ರತಿಗೆ ತಿಳಿಯದು.

ಕನ್ನಡ ಬರಹವನ್ನೇ ಗಿಟ್‌ನಲ್ಲಿ ಇಡುವವರಿಗೆ ಎರಡು ಮಾತು. ಗಿಟ್ ಸಾಲನ್ನು ಸಾಲಿನೊಡನೆ ಹೋಲಿಸುತ್ತದೆ. ನಾವು ಒಂದು ಪ್ಯಾರಾವನ್ನು ಒಂದೇ ಸಾಲಾಗಿ ಬರೆದರೆ ಎರಡು ಮೂಲೆಯ ಎರಡು ತಿದ್ದುಪಡಿಯೂ ಘರ್ಷಣೆಯಾಗುತ್ತದೆ, ವಾಕ್ಯಕ್ಕೊಂದು ಸಾಲು ಮಾಡಿದರೆ ತಪ್ಪುತ್ತದೆ. ಎರಡನೆಯದು, ಯೂನಿಕೋಡಿನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಅಕ್ಷರ, ಗಿಟ್‌ಗೆ ಬೇರೆ ಬೇರೆ ಪಾಠ.

ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಸಂವತ್ಸರ, ತಿಥಿ, ತಮ್ಮ ಹೆಸರು ಬರೆಯುವುದಿತ್ತು. ಕೆಲವರು ಇಂಥವರ ಪ್ರತಿಯನ್ನು ನೋಡಿ ಬರೆದೆ ಎಂದೂ ಸೇರಿಸುತ್ತಿದ್ದರು, ಆ ಒಂದು ಸಾಲು ಸಿಕ್ಕ ದಿನ ಸಂಪಾದಕನಿಗೆ ಹಬ್ಬ. ನಮ್ಮ ಈಗಿನ ತಂಡದಲ್ಲಿ ಸ್ಕ್ವಾಶ್ ಬಿಡಲು ಯಾರೂ ಒಪ್ಪಲಿಲ್ಲ. ಹಿಂಡಿದ ಕಮಿಟ್‌ನ ಟಿಪ್ಪಣಿಯ ಕೊನೆಯಲ್ಲಿ ಯಾವ ಕವಲು, ಅದರ ಕೊನೆಯ ಗುರುತು ಯಾವುದು, ಎಲ್ಲಿಂದ ಒಡೆದಿತ್ತು ಎಂದು ಒಂದು ಸಾಲು ಬರೆಯುವುದಕ್ಕೆ ಮಾತ್ರ ಒಪ್ಪಿದ್ದಾರೆ. ಕಳೆದ ತಿಂಗಳು ಒಂದು ಹಳೆಯ ಕವಲನ್ನು ಕೂಡಿಸಬೇಕಾಗಿ ಬಂದಾಗ ಆ ಸಾಲಿನ ಗುರುತನ್ನು ನಕಲು ಮಾಡಿ, ಇದೇ ಸಮಾನ ಮೂಲ ಎಂದು ಗಿಟ್‌ಗೆ ಕೊಟ್ಟೆ. ಮೂವತ್ತೊಂದು ಘರ್ಷಣೆ ಇದ್ದಲ್ಲಿ ಎರಡು ಉಳಿದವು. ಆ ಎರಡಕ್ಕೆ ಬರೆದವರಿಬ್ಬರನ್ನೂ ಕರೆದು ಕೂರಿಸಿಕೊಂಡೆವು.